ಚಿಪ್ ಯಾವ ದೇಶದ್ದು ಹಾಕೋಣ? ಸಣ್ಣ ಪ್ರಮಾಣದಲ್ಲಿ ಬೋರ್ಡ್ ಮಾಡುವವರಿಗೆ ಒಂದು ಹೋಲಿಕೆ

ಪೀಣ್ಯದ ನಮ್ಮ ಕೆಲಸದ ಮೇಜಿನ ಮೇಲೆ ಈಗ ಒಂದು ಮೊಬೈಲ್ ಸ್ಟಾರ್ಟರಿನ ಬೋರ್ಡ್ ಇದೆ. ಕೊಳವೆಬಾವಿಯ ಪಂಪನ್ನು ರೈತರು ಮನೆಯಿಂದಲೇ ಫೋನ್ ಮಾಡಿ ಚಾಲೂ ಮಾಡುತ್ತಾರಲ್ಲ, ಆ ಪೆಟ್ಟಿಗೆಯೊಳಗೆ ಕೂರುವುದು ಇದೇ. ಅಂಗೈ ಅಗಲ. ಬೋರ್ಡಿನ ಮಿದುಳಿನಂಥ ಒಂದು ಮೈಕ್ರೋಕಂಟ್ರೋಲರ್ ಚಿಪ್, ಮೊಬೈಲ್ ಜಾಲಕ್ಕೆ ಸೇರಿಸುವ ಒಂದು 4ಜಿ ಮಾಡ್ಯೂಲ್, ಸ್ವಿಚ್ಚಿನ ಕೆಲಸಕ್ಕೆ ಎರಡು ರಿಲೇ, ಪವರ್ ಸಪ್ಲೈಗೆ ಒಂದು ಐಸಿ (ಅದೂ ಒಂದು ಚಿಪ್ಪೇ), ಜೊತೆಗೆ ಅಕ್ಕಿಕಾಳಿಗಿಂತ ಸಣ್ಣ ಡಯೋಡು, ಟ್ರಾನ್ಸಿಸ್ಟರುಗಳು ಒಂದಿಪ್ಪತ್ತು.

ಹೊಸದಾಗಿ ಈ ಕಸುಬಿಗೆ ಬಂದ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಸಾರ್, ಚೀನಾದ ಚಿಪ್ ಹಾಕೋಣ್ವಾ, ಯೂರೋಪಿನದು ಹಾಕೋಣ್ವಾ?" ಹತ್ತು ವರ್ಷದ ಹಿಂದೆ ಇದು ಬರೀ ದುಡ್ಡಿನ ಲೆಕ್ಕ. ಈಗ ಅಮೆರಿಕ, ಚೀನಾ, ನೆದರ್ಲೆಂಡ್ಸ್, ಜಪಾನ್ ಸರ್ಕಾರಗಳ ಹಗ್ಗಜಗ್ಗಾಟವೂ ಈ ಲೆಕ್ಕದೊಳಗೆ ಬಂದು ಸೇರಿದೆ. ಅಲ್ಲಿ ಹೊರಡುವ ಒಂದು ಆದೇಶಕ್ಕೆ ಇಲ್ಲಿ ನಮ್ಮ ಅಸೆಂಬ್ಲಿ ಲೈನ್ ನಿಂತಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಅವರಿಗೆ ನಾನು ಹೇಳುವುದು: ಕಂಪನಿ ಯಾವ ದೇಶದ್ದು ಅಂತ ಆಮೇಲೆ ಕೇಳು, ಆ ಚಿಪ್ ಯಾವ ದಾರಿಯಲ್ಲಿ ಬಂತು ಅಂತ ಮೊದಲು ಕೇಳು.

ದಾರಿ ಅಂದರೇನು ಎಂಬುದಕ್ಕೆ ನೆಕ್ಸ್‌ಪೀರಿಯಾದ ಪ್ರಕರಣಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ನೆದರ್ಲೆಂಡ್ಸ್‌ನ ನೈಮೇಗನ್ ಊರಿನ ಕಂಪನಿ. ಮೊದಲು ಅದೇ ದೇಶದ ಎನ್‌ಎಕ್ಸ್‌ಪಿ ಎಂಬ ಚಿಪ್ ಕಂಪನಿಯ ಒಂದು ವಿಭಾಗವಾಗಿತ್ತು, 2017ರಲ್ಲಿ ಬೇರೆಯಾಯಿತು, ಆಮೇಲೆ ಚೀನಾದ ವಿಂಗ್‌ಟೆಕ್ ಅದನ್ನು ಕೊಂಡಿತು. ಮಾಡುವುದು ಭಾರೀ ಚಿಪ್‌ಗಳನ್ನಲ್ಲ. ಡಯೋಡ್, ಟ್ರಾನ್ಸಿಸ್ಟರ್, ಸಣ್ಣ ಲಾಜಿಕ್ ಐಸಿ, ಒಂದೊಂದಕ್ಕೂ ಒಂದೆರಡು ರೂಪಾಯಿ ಬೀಳುವಂಥವು. ಇವುಗಳನ್ನು ಮೂಡಿಸಿದ ಸಿಲಿಕಾನ್ ಬಿಲ್ಲೆಗಳು ಹೆಚ್ಚಾಗಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಕತ್ತರಿಸಿ, ಕಾಲು ಕೂರಿಸಿ, ಕಪ್ಪು ಪ್ಲಾಸ್ಟಿಕ್ ಕವಚ ಹಾಕುವ ಕೆಲಸ (ಇದಕ್ಕೇ ಪ್ಯಾಕೇಜಿಂಗ್ ಎನ್ನುವುದು) ನಡೆಯುವುದು ಚೀನಾದ ಡಾಂಗ್‌ಗುವಾನ್‌ನಲ್ಲಿ. 2025ರ ಸೆಪ್ಟೆಂಬರ್ 30ರಂದು ಡಚ್ ಸರ್ಕಾರ 1952ರ ಒಂದು ಹಳೆಯ ಕಾನೂನನ್ನು ಬಳಸಿ ಕಂಪನಿಯ ಮೇಲೆ ಹಿಡಿತ ಸಾಧಿಸಿತು. ನಾಲ್ಕೇ ದಿನಕ್ಕೆ, ಅಕ್ಟೋಬರ್ 4ರಂದು, ಡಾಂಗ್‌ಗುವಾನ್‌ನಿಂದ ಸರಕು ಹೊರಗೆ ಹೋಗದಂತೆ ಚೀನಾ ತಡೆಯಿತು. ಆ ತಿಂಗಳು ಮುಗಿಯುವುದರೊಳಗೆ ಮೆಕ್ಸಿಕೊದಲ್ಲಿ ಹೋಂಡಾ ಕಾರುಗಳ ಉತ್ಪಾದನೆ ನಿಂತಿತು. ನವೆಂಬರ್ 19ರಂದು ಡಚ್ ಸರ್ಕಾರ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟರೂ ಕಂಪನಿಯ ಯೂರೋಪಿನ ಭಾಗಕ್ಕೂ ಚೀನಾದ ಭಾಗಕ್ಕೂ ನಡುವಿನ ಜಗಳ ಮುಗಿಯಲಿಲ್ಲ.

ಈಗ ಯೋಚಿಸಿ: "ನಾನು ಚೀನಾದ್ದು ಮುಟ್ಟೋದಿಲ್ಲ, ಯೂರೋಪಿನ ಹೆಸರಿರೋದೇ ಹಾಕ್ತೀನಿ" ಎಂದು ಆ ಡಯೋಡ್ ಹಾಕಿದವರಿಗೂ, ಬೆಲೆ ನೋಡಿ ಹಾಕಿದವರಿಗೂ ಅಕ್ಟೋಬರಿನಲ್ಲಿ ಆದದ್ದು ಒಂದೇ.

ಯಾವ ನಿರ್ಬಂಧ ನಮ್ಮನ್ನು ತಾಗುತ್ತದೆ

ಪತ್ರಿಕೆಗಳಲ್ಲಿ ಬರುವ ಚಿಪ್ ಸಮರದ ಸುದ್ದಿಯಲ್ಲಿ ಹೆಚ್ಚಿನವು ನಮ್ಮ ಬೋರ್ಡ್‌ಗೆ ನೇರವಾಗಿ ಸಂಬಂಧಪಟ್ಟವಲ್ಲ. 2022ರ ಅಕ್ಟೋಬರ್ 7ರಂದು ಅಮೆರಿಕ ಹೊರಡಿಸಿದ ನಿಯಮಗಳ ಗುರಿ ಎಐ ತರಬೇತಿಗೆ ಬೇಕಾದ ಚಿಪ್‌ಗಳು ಮತ್ತು ಅತಿ ಸೂಕ್ಷ್ಮ ಚಿಪ್ ಮಾಡುವ ಯಂತ್ರಗಳು. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಮಾತ್ರ ಮಾಡಬಲ್ಲ ಇಯುವಿ ಯಂತ್ರ ಚೀನಾಕ್ಕೆ ಹೋಗಲು ಅನುಮತಿಯೇ ಸಿಗಲಿಲ್ಲ. ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ 50,000ದಂತೆ ಉದುರಿಸಿ, ಪ್ರತಿಯೊಂದಕ್ಕೂ ಲೇಸರ್ ಹೊಡೆದು, ಅದರಿಂದ ಹುಟ್ಟುವ 13.5 ನ್ಯಾನೋಮೀಟರ್ ಬೆಳಕಿನಲ್ಲಿ ಚಿಪ್ ಬರೆಯುವ ಯಂತ್ರ ಅದು. ಮೊಬೈಲ್ ಸ್ಟಾರ್ಟರಿನ ಮೈಕ್ರೋಕಂಟ್ರೋಲರಿಗೆ ಅದರ ಹಂಗಿಲ್ಲ. ನಮಗೆ ಬೇಕಾದದ್ದು 40, 90, 180 ನ್ಯಾನೋಮೀಟರಿನ ಹಳೆಯ ಪದ್ಧತಿಯ ಚಿಪ್ (ಅಂಕಿ ದೊಡ್ಡದಾದಷ್ಟೂ ಪದ್ಧತಿ ಹಳೆಯದು, ಸೂಕ್ಷ್ಮತೆ ಕಡಿಮೆ).

ಆದರೆ ಸುತ್ತುಬಳಸಿ ಅದು ನಮ್ಮ ಹತ್ತಿರಕ್ಕೇ ಬರುತ್ತದೆ. ಸೂಕ್ಷ್ಮ ಚಿಪ್‌ಗಳ ದಾರಿ ಮುಚ್ಚಿದ್ದರಿಂದ ಚೀನಾ ಹಳೆಯ ಪದ್ಧತಿಯ ಫ್ಯಾಬ್‌ಗಳಿಗೆ, ಅಂದರೆ ಚಿಪ್ ಕಾರ್ಖಾನೆಗಳಿಗೆ, ಹಣ ಸುರಿಯಿತು. 2024ರ ಮೇ ತಿಂಗಳಲ್ಲಿ ಶುರುವಾದ, ಚಿಪ್ ಉದ್ಯಮಕ್ಕೆಂದೇ ಇರುವ ಅವರ ಸರ್ಕಾರಿ "ದೊಡ್ಡ ನಿಧಿ"ಯ ಮೂರನೇ ಕಂತೊಂದೇ 344 ಶತಕೋಟಿ ಯುವಾನ್. ಆ ಫ್ಯಾಬ್‌ಗಳಿಂದ ಹೊರಬರುವ ಸರಕೇ ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಜಗಳವೂ ಅದರ ಹಿಂದೆಯೇ ಕೆಳಗಿಳಿಯಿತು. 2024ರ ಡಿಸೆಂಬರಿನಲ್ಲಿ ಅಮೆರಿಕ ಚೀನಾದ ಹಳೆಯ ಪದ್ಧತಿಯ ಚಿಪ್‌ಗಳ ಮೇಲೆ ತನಿಖೆ ಶುರುಮಾಡಿತು. 2025ರ ಜನವರಿ 1ರಿಂದ ಚೀನಾದ ಸೆಮಿಕಂಡಕ್ಟರ್‌ಗಳ ಮೇಲಿನ ಸುಂಕವನ್ನು ಶೇ. 25ರಿಂದ 50ಕ್ಕೆ ಏರಿಸಿತು. 2025ರ ಸೆಪ್ಟೆಂಬರಿನಲ್ಲಿ ಚೀನಾ, ಅಮೆರಿಕದ ಅನಲಾಗ್ ಚಿಪ್‌ಗಳನ್ನು ತನ್ನ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸುರಿಯಲಾಗುತ್ತಿದೆ ಎಂದು ತನಿಖೆಗೆ ಇಳಿಯಿತು. ಗೇಟ್ ಡ್ರೈವರ್, ಇಂಟರ್‌ಫೇಸ್ ಐಸಿಗಳಂಥ ದಿನಬಳಕೆಯ ಸರಕಿನ ಮೇಲಿನ ತನಿಖೆ ಅದು, ನಮ್ಮಂಥವರ ಬೋರ್ಡ್ ಮೇಲೆ ಕೂರುವ ಸರಕೇ.

ಭಾರತಕ್ಕೆ ತರಿಸುವಾಗ ಒಂದು ಸಮಾಧಾನವಿದೆ. ಐಸಿಗಳ ಮೇಲೆ ನಮ್ಮಲ್ಲಿ ಮೂಲ ಆಮದು ಸುಂಕ ಇಲ್ಲ, ಶೇ. 18ರ ಐಜಿಎಸ್‌ಟಿ ಮಾತ್ರ, ಅದನ್ನೂ ಆಮೇಲೆ ಸರಿದೂಗಿಸಿಕೊಳ್ಳಬಹುದು. ಹಾಗಾಗಿ ಸುಂಕದ ದೃಷ್ಟಿಯಿಂದ ಚೀನಾದ ಚಿಪ್ಪಿಗೂ ಜರ್ಮನಿಯ ಚಿಪ್ಪಿಗೂ ಇಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ಹಳೆಯ ಹೆಸರುಗಳು: ಎಸ್‌ಟಿ, ಎನ್‌ಎಕ್ಸ್‌ಪಿ, ಟಿಐ, ಮೈಕ್ರೋಚಿಪ್, ರೆನೆಸಾಸ್

ಯೂರೋಪು, ಅಮೆರಿಕ, ಜಪಾನಿನ ಈ ಹಳೆಯ ಕಂಪನಿಗಳನ್ನು (ಟಿಐ ಅಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಆರಿಸಲು ಮುಖ್ಯ ಕಾರಣ ಕಾಗದಪತ್ರ. ಡೇಟಾಶೀಟಿನಲ್ಲಿ, ಅಂದರೆ ಚಿಪ್‌ನ ವಿವರಪತ್ರದಲ್ಲಿ, ಬರೆದದ್ದು ಚಿಪ್‌ನಲ್ಲಿ ಇರುತ್ತದೆ, ಇಲ್ಲದಿದ್ದರೆ ದೋಷಪಟ್ಟಿಯಲ್ಲಿ ಒಪ್ಪಿಕೊಂಡಿರುತ್ತಾರೆ. ಎಸ್‌ಟಿ, ಎನ್‌ಎಕ್ಸ್‌ಪಿಗಳು ಹಲವು ಚಿಪ್‌ಗಳನ್ನು ಹತ್ತು ವರ್ಷ ತಯಾರಿಸುತ್ತೇವೆಂದು ಬರಹದಲ್ಲೇ ಮಾತು ಕೊಡುತ್ತವೆ. ಎಂಟು ವರ್ಷದ ಹಿಂದೆ ಮಾರಿದ ಸ್ಟಾರ್ಟರನ್ನು ರಿಪೇರಿಗೆ ತಂದುಕೊಡುವ ರೈತರು ನಮ್ಮಲ್ಲಿ ಇದ್ದಾರೆ, ಅವರಿಗಾಗಿಯಾದರೂ ಆ ಮಾತಿಗೆ ಬೆಲೆ ಇದೆ.

ಆದರೆ "ಯೂರೋಪಿನದು" ಎಂಬ ಮಾತನ್ನು ಒಮ್ಮೆ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿ. ಎಸ್‌ಟಿಯ ಎಸ್‌ಟಿಎಂ32ಎಫ್103 ಎಂಬ ಮೈಕ್ರೋಕಂಟ್ರೋಲರ್ ಚಿಪ್‌ನ ಬೆನ್ನ ಮೇಲೆ ಹೆಸರಿನ ಕೆಳಗಿನ ಸಾಲಿನಲ್ಲಿ ಮೂರಕ್ಷರದ ಒಂದು ಗುರುತು ಇರುತ್ತದೆ. ನನ್ನ ಡ್ರಾಯರಿನಲ್ಲಿ ಇರುವವುಗಳಲ್ಲಿ ಕೆಲವದರ ಮೇಲೆ ಎಂವೈಎಸ್ ಎಂದಿದೆ, ಅಂದರೆ ಮಲೇಷ್ಯಾ. ಕೆಲವದರ ಮೇಲೆ ಪಿಎಚ್‌ಎಲ್, ಫಿಲಿಪ್ಪೀನ್ಸ್. ಸುಮಾರು ಬೋರ್ಡುಗಳ ಮೇಲೆ ಸಿಎಚ್‌ಎನ್, ಚೀನಾ. ಎಲ್ಲವೂ ಒಂದೇ ಫ್ರೆಂಚ್–ಇಟಾಲಿಯನ್ ಕಂಪನಿಯ ಒಂದೇ ಚಿಪ್. 2024ರ ನವೆಂಬರಿನಲ್ಲಿ ಎಸ್‌ಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೀನಾದ ಹುವಾ ಹಾಂಗ್ ಫ್ಯಾಬ್‌ನಲ್ಲಿ 40 ನ್ಯಾನೋಮೀಟರಿನ ಮೈಕ್ರೋಕಂಟ್ರೋಲರುಗಳ ಸಿಲಿಕಾನನ್ನೇ ಮಾಡಿಸುವ ಯೋಜನೆ ಹೇಳಿತು. ಚೀನಾದ ಗಿರಾಕಿಗಳನ್ನು ಕಳೆದುಕೊಳ್ಳಬಾರದು ಎಂಬ ಲೆಕ್ಕ ಅದು, ವ್ಯಾಪಾರದ ದೃಷ್ಟಿಯಿಂದ ತಪ್ಪೇನಿಲ್ಲ. ನಾವು ಕೊಳ್ಳುವವರು ಮಾತ್ರ ಆ ಗುರುತನ್ನು ನೋಡಿ ಕೊಳ್ಳಬೇಕು.

ಇನ್ನೊಂದು ಮಾತು: ಈ ಬಣದ ಸರಕು ನಿಲ್ಲಲು ರಾಜಕೀಯವೇ ಬೇಕೆಂದಿಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಹಿಮಪಾತಕ್ಕೆ ಆಸ್ಟಿನ್ ಸುತ್ತಿನ ಫ್ಯಾಬ್‌ಗಳು ಕರೆಂಟಿಲ್ಲದೆ ನಿಂತವು. ಮಾರ್ಚ್ 19ಕ್ಕೆ ಜಪಾನಿನ ನಾಕಾದಲ್ಲಿ ರೆನೆಸಾಸ್ ಫ್ಯಾಬ್‌ಗೆ ಬೆಂಕಿ ಬಿತ್ತು. ಆಗಸ್ಟಿನಲ್ಲಿ ಕೋವಿಡ್‌ನಿಂದ ಮಲೇಷ್ಯಾದ ಮುಆರ್‌ನಲ್ಲಿ ಎಸ್‌ಟಿಯ ಪ್ಯಾಕೇಜಿಂಗ್ ಘಟಕ ಮುಚ್ಚಿತು. ಆ ವರ್ಷ ಡಿಸ್ಟ್ರಿಬ್ಯೂಟರುಗಳು ನಮಗೆ ಹೇಳಿದ ಲೀಡ್ ಟೈಮ್ (ಆರ್ಡರ್ ಕೊಟ್ಟ ಮೇಲೆ ಸರಕು ಬರುವವರೆಗಿನ ಕಾಲ) 52 ವಾರ. ಇಂಥ ಬರಗಾಲದಲ್ಲಿ ಮೊದಲು ಸರಕು ಸಿಗುವುದು ಕಾರು ಕಂಪನಿಗಳಿಗೆ, ಮೊಬೈಲ್ ಕಂಪನಿಗಳಿಗೆ. ತಿಂಗಳಿಗೆ ಎರಡು ಸಾವಿರ ಚಿಪ್ ಕೊಳ್ಳುವ ನಮ್ಮ ಸರದಿ ಬರುವುದು ಎಲ್ಲರದೂ ಮುಗಿದ ಮೇಲೆ.

ಚೀನಾದ ಚಿಪ್‌ಗಳು

ಇದರ ಬಗ್ಗೆ ಎರಡು ಅತಿರೇಕದ ಮಾತು ಕೇಳುತ್ತೇನೆ, "ಎಲ್ಲಾ ಕಳಪೆ" ಎಂಬುದೊಂದು, "ಅದೇ ಚಿಪ್, ಅರ್ಧ ಬೆಲೆ" ಎಂಬುದೊಂದು. ಎರಡೂ ಸರಿಯಲ್ಲ.

ಬೀಜಿಂಗ್‌ನ ಗಿಗಾಡಿವೈಸ್ ಕಂಪನಿಯ ಜಿಡಿ32ಎಫ್103, ಎಸ್‌ಟಿಎಂ32ಎಫ್103ರ ಜಾಗದಲ್ಲಿ ಹಾಗೇ ಕೂರುತ್ತದೆ, ಕಾಲಿಗೆ ಕಾಲು ಹೊಂದುತ್ತದೆ. 2021ರ ಕೊರತೆಯಲ್ಲಿ ನಾವೂ ಅದಕ್ಕೇ ಶರಣಾದೆವು. ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಮ್) ಹಾಕಿದೆವು, ಎಲ್‌ಇಡಿ ಮಿನುಗಿತು, ರಿಲೇ ಟಕ್ ಎಂದಿತು, ಐನೂರು ಬೋರ್ಡ್ ಕಳಿಸಿಯೂ ಬಿಟ್ಟೆವು. ವಾರ ಕಳೆದ ಮೇಲೆ ಚಳ್ಳಕೆರೆಯ ಅಂಗಡಿಯವರ ಫೋನ್: "ಸಾರ್, ಕರೆಂಟ್ ಹೋಗಿ ಬಂದ್ರೆ ಸಿಮ್ ಎತ್ಕೊಳ್ತಾ ಇಲ್ಲ. ರೈತ್ರು ಬಂದು ಅಂಗಡಿ ಮುಂದೆ ಕೂತವ್ರೆ." ಮೂರು ದಿನ ಹುಡುಕಿದೆವು. 4ಜಿ ಮಾಡ್ಯೂಲನ್ನು ಎಬ್ಬಿಸಲು ಅದರ ಪವರ್ ಪಿನ್ನನ್ನು ಒಂದು ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿಯಬೇಕು. ಆ ಕಾಲವನ್ನು ನಮ್ಮ ಹಳೆಯ ಕೋಡ್ ಟೈಮರಿನಿಂದ ಅಳೆಯದೆ, ಖಾಲಿ ಲೂಪ್ ತಿರುಗಿಸಿ, ಅಂದರೆ ಏನೂ ಮಾಡದೆ ಇಷ್ಟು ಸಲ ಸುತ್ತು ಎಂದು ಹೇಳಿ, ಅಳೆಯುತ್ತಿತ್ತು. ಎಸ್‌ಟಿಯ ಚಿಪ್ 72 ಮೆಗಾಹರ್ಟ್ಸ್‌ನಲ್ಲಿ ಫ್ಲ್ಯಾಶ್ (ಪ್ರೋಗ್ರಾಮ್ ಇರುವ ಮೆಮೊರಿ) ಓದುವಾಗ ಎರಡು ಗಡಿಯಾರ ಬಡಿತ ಕಾಯುತ್ತದೆ, ಜಿಡಿಯದು ಕಾಯುವುದಿಲ್ಲ. ಹಾಗಾಗಿ ಅದೇ ಲೂಪ್ ಅದರಲ್ಲಿ ಬೇಗ ಮುಗಿಯುತ್ತಿತ್ತು, ಪಿನ್ ಬೇಗ ಬಿಡುತ್ತಿತ್ತು, ಮಾಡ್ಯೂಲ್ ಕೆಲವು ಸಲ ಏಳುತ್ತಿತ್ತು, ಕೆಲವು ಸಲ ಇಲ್ಲ. ಚಿಪ್ ಕಳಪೆಯಲ್ಲ, ನಿಜ ಹೇಳಬೇಕೆಂದರೆ ಹೆಚ್ಚು ಚುರುಕು. ತಪ್ಪು ನಮ್ಮ ಕೋಡಿನದು. ಆದರೂ ಐನೂರು ಬೋರ್ಡ್ ವಾಪಸ್ ತರಿಸಿದ್ದು ನಮ್ಮ ಖರ್ಚಿನಲ್ಲಿ, ನೀರಿಲ್ಲದೆ ಒಣಗಿದ್ದು ರೈತರ ಹೊಲ. ಪರ್ಯಾಯ ಚಿಪ್ ಅಂದರೆ ಹೊಸ ಚಿಪ್ ಎಂದೇ ತಿಳಿದು ಮೊದಲಿನಿಂದ ಪರೀಕ್ಷೆ ಮಾಡಿ.

ಅಗ್ಗದ ತುದಿಯಲ್ಲಿ ನಾನ್‌ಜಿಂಗ್‌ನ ಡಬ್ಲ್ಯೂಸಿಎಚ್ ಕಂಪನಿಯ ಸಿಎಚ್32ವಿ003 ಇದೆ. 2022ರಲ್ಲಿ ಬಂದಾಗ ಹತ್ತು ಅಮೆರಿಕನ್ ಸೆಂಟ್‌ಗೂ ಕಡಿಮೆ ಬೆಲೆ ಎಂಬುದಕ್ಕೇ ಹೆಸರಾಯಿತು. 16 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್. ಮೂರು ಫೇಸ್ ಸರಿಯಿದೆಯೇ ಎಂದು ನೋಡಿ ಮೋಟಾರ್ ನಿಲ್ಲಿಸುವ ಪ್ರಿವೆಂಟರ್‌ಗೆ ಧಾರಾಳ ಸಾಕು. ಇದರ ಒಳಗಿರುವುದು ರಿಸ್ಕ್-ಫೈವ್ ಎಂಬ, ಯಾರ ಸ್ವತ್ತೂ ಅಲ್ಲದ ಸೂಚನಾ ಭಾಷೆ. ಯಾವ ಒಂದು ಸರ್ಕಾರದ ಕೈಗೂ ಸಿಗಬಾರದು ಎಂಬ ಯೋಚನೆಯಿಂದಲೇ ಅದನ್ನು ನೋಡಿಕೊಳ್ಳುವ ಸಂಸ್ಥೆ 2020ರಲ್ಲಿ ಅಮೆರಿಕ ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾಯಿತು. ಮದರಾಸ್ ಐಐಟಿಯ ಶಕ್ತಿ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳೂ ಇದೇ ಭಾಷೆಯವು. ಇವತ್ತು ಇದರಲ್ಲಿ ಕೋಡ್ ಬರೆದು ರೂಢಿಯಾದವರಿಗೆ ನಾಳೆ ನಮ್ಮ ದೇಶದ ಚಿಪ್‌ಗೆ ಹೋಗುವುದು ಅಷ್ಟು ಕಷ್ಟವಾಗಲಾರದು. ಈ ಕಾರಣಕ್ಕೆ ನನಗೆ ಇದರ ಮೇಲೆ ಒಲವಿದೆ, ಬೆಲೆಯ ಮಾತು ಆಮೇಲಿನದು.

ವೈಫೈ ಬೇಕಾದವರೆಲ್ಲ ಹಾಕುವ ಇಎಸ್‌ಪಿ32ರ ದಾರಿ ಇನ್ನೂ ಸ್ವಾರಸ್ಯ. ಕಂಪನಿ ಶಾಂಘೈನದು, ಸ್ಥಾಪಿಸಿದವರು ಸಿಂಗಪುರದ ಟಿಯೋ ಸ್ವೀ ಆನ್, ಸಿಲಿಕಾನ್ ತಯಾರಾಗುವುದು ತೈವಾನಿನ ಟಿಎಸ್‌ಎಂಸಿ ಎಂಬ ಕಂಪನಿಯ ಫ್ಯಾಬ್‌ಗಳಲ್ಲಿ. ಹೆಸರು ನೋಡಿ ಇದನ್ನು ಚೀನಾದ ಸಾಲಿಗೆ ಸೇರಿಸಿದರೆ ಚೀನಾಕ್ಕೂ ತೈವಾನಿಗೂ ನಡುವಿನ ತೈವಾನ್ ಜಲಸಂಧಿಯಲ್ಲಿ ಏನಾದರೂ ಆದಾಗ ನಿಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಇಂಥ ನಿಸ್ತಂತು ಮಾಡ್ಯೂಲ್‌ಗಳಿಗೆ ನಮ್ಮಲ್ಲಿ ಕೇಂದ್ರದ ನಿಸ್ತಂತು ವಿಭಾಗವಾದ ಡಬ್ಲ್ಯೂಪಿಸಿಯ ಇಟಿಎ ಎಂಬ ಅನುಮತಿ ಬೇಕು ಎಂಬುದನ್ನೂ ಮರೆಯಬೇಡಿ.

ತೈವಾನ್

ನಮ್ಮವರು ಇದನ್ನು ಏಕೆ ಕಡೆಗಣಿಸುತ್ತಾರೋ ನನಗೆ ತಿಳಿಯದು. ತೈವಾನ್ ಎಂದರೆ ಟಿಎಸ್‌ಎಂಸಿ, ಮೊಬೈಲ್ ಪ್ರೊಸೆಸರ್ ಎಂದಷ್ಟೇ ನೆನಪು. 1987ರಲ್ಲಿ ಮಾರಿಸ್ ಚಾಂಗ್ ಕಟ್ಟಿದ ಆ ಕಂಪನಿಯ ಊರಾದ ಸಿಂಚುವಿನಲ್ಲೇ ನುವೋಟನ್, ಹೋಲ್‌ಟೆಕ್ ಎಂಬ ಮೈಕ್ರೋಕಂಟ್ರೋಲರ್ ಕಂಪನಿಗಳೂ ಇವೆ. ಹೋಲ್‌ಟೆಕ್‌ನ ಎನ್‌ಕೋಡರ್, ಡಿಕೋಡರ್ ಐಸಿಗಳನ್ನು ರಿಮೋಟ್ ಮಾಡುವವರು ಎಷ್ಟೋ ವರ್ಷದಿಂದ ಬಳಸುತ್ತಿದ್ದಾರೆ. ನುವೋಟನ್ 2008ರಲ್ಲಿ ವಿನ್‌ಬಾಂಡ್‌ನಿಂದ ಬೇರೆಯಾದದ್ದು, 2020ರಲ್ಲಿ ಪ್ಯಾನಸೋನಿಕ್‌ನ ಸೆಮಿಕಂಡಕ್ಟರ್ ವ್ಯವಹಾರವನ್ನೇ ಕೊಂಡಿತು. ಬೆಲೆ ಚೀನಾದ್ದಕ್ಕಿಂತ ತುಸು ಹೆಚ್ಚು, ಯೂರೋಪಿನದಕ್ಕಿಂತ ಕಡಿಮೆ. ಅಮೆರಿಕ–ಚೀನಾ ನಿರ್ಬಂಧಗಳ ಪಟ್ಟಿಯ ತಲೆನೋವು ಕಡಿಮೆ. ಉಳಿದದ್ದು ಭೂಕಂಪ ಮತ್ತು ಜಲಸಂಧಿಯ ಭಯ. 2024ರ ಏಪ್ರಿಲ್ 3ರ ಹ್ವಾಲಿಯೆನ್ ಭೂಕಂಪದಲ್ಲಿ ಫ್ಯಾಬ್‌ಗಳು ಬೇಗ ಚೇತರಿಸಿಕೊಂಡವು. ಜಲಸಂಧಿಯ ಭಯಕ್ಕೆ ಮಾತ್ರ ನಮ್ಮಂಥವರ ಬಳಿ ಮದ್ದಿಲ್ಲ, ಏಕೆಂದರೆ ಅಲ್ಲಿ ಹಡಗು ನಿಂತರೆ ಹಳೆಯ ಹೆಸರುಗಳ ಸರಕಿಗೂ ಪೆಟ್ಟು ಬೀಳುತ್ತದೆ.

ನಮ್ಮ ದೇಶದ್ದು

ಇಲ್ಲಿ ಆಸೆಯನ್ನೂ ವಾಸ್ತವವನ್ನೂ ಬೇರೆ ಬೇರೆ ಇಟ್ಟು ಹೇಳುತ್ತೇನೆ. ಬೆಂಗಳೂರಿನ ಬಿಇಎಲ್‌ನಲ್ಲಿ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ತಯಾರಾಗುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಚಿಪ್ ವಿನ್ಯಾಸ ಈ ಊರಿನ ಕಸುಬಾಗಿದೆ. ಇಷ್ಟಿದ್ದೂ ಚಿಪ್ ತಯಾರಿಕೆ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ. ಮೊಹಾಲಿಯ ಎಸ್‌ಸಿಎಲ್ ಎಂಬ ಸರ್ಕಾರಿ ಫ್ಯಾಬ್ 1989ರಲ್ಲಿ ಬೆಂಕಿಗೆ ಆಹುತಿಯಾಯಿತು, ಈಗ ಅಲ್ಲಿ ನಡೆಯುವುದು 180 ನ್ಯಾನೋಮೀಟರಿನ ಕೆಲಸ. 2025ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರ ಕೈಗೆ ಕೊಟ್ಟ ವಿಕ್ರಮ್ 3201 ಎಂಬ ಪ್ರೊಸೆಸರ್ ಅಲ್ಲಿಯದೇ. ಅದು ರಾಕೆಟ್‌ಗಾಗಿ ಮಾಡಿದ್ದು, ಅಂಗಡಿಯಲ್ಲಿ ಕೊಂಡು ಸ್ಟಾರ್ಟರಿಗೆ ಹಾಕುವಂಥದ್ದಲ್ಲ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತೈವಾನಿನ ಪಿಎಸ್‌ಎಂಸಿ ಎಂಬ ಚಿಪ್ ಕಂಪನಿಯ ಜೊತೆ ಟಾಟಾದವರು ಗುಜರಾತಿನ ಧೋಲೆರಾದಲ್ಲಿ 91,000 ಕೋಟಿ ವೆಚ್ಚದ ಫ್ಯಾಬ್‌ಗೆ ಕೈಹಾಕಿದ್ದಾರೆ. 28ರಿಂದ 110 ನ್ಯಾನೋಮೀಟರ್, ತಿಂಗಳಿಗೆ 50,000 ಬಿಲ್ಲೆ ಎಂಬ ಗುರಿ. ಇದು ಸರಿಯಾಗಿ ನಮಗೆ ಬೇಕಾದ ವರ್ಗ. ಪ್ಯಾಕೇಜಿಂಗ್ ಘಟಕಗಳು ಇನ್ನೂ ಬೇಗ ಬರುತ್ತಿವೆ. ಸಾಣಂದ್‌ನಲ್ಲಿ ಮೈಕ್ರಾನ್, ಸಿಜಿ ಸೆಮಿ, ಅವುಗಳ ಪಕ್ಕದಲ್ಲಿ ನಮ್ಮ ಮೈಸೂರಿನ ಕೇಯ್ನ್ಸ್ ಟೆಕ್ನಾಲಜಿಯ ಘಟಕ, ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ. ನೆಕ್ಸ್‌ಪೀರಿಯಾದ ಪ್ರಕರಣ ನೋಡಿದ ಮೇಲೆ ನನಗೆ ಫ್ಯಾಬ್‌ಗಿಂತ ಈ ಪ್ಯಾಕೇಜಿಂಗ್ ಘಟಕಗಳ ಮೇಲೆ ಹೆಚ್ಚು ಭರವಸೆ. ಡಾಂಗ್‌ಗುವಾನ್ ಒಂದೇ ಬಾಗಿಲಾಗಿದ್ದ ಕಡೆ ಎರಡನೆಯದೊಂದು ತೆರೆದರೂ ಸಾಕು.

ಸದ್ಯಕ್ಕೆ ಭಾರತದ ಚಿಪ್ ಹಾಕಿಯೇ ತೀರುತ್ತೇನೆ ಎಂದರೆ ಸಣ್ಣ ಬೋರ್ಡ್ ಮಾಡುವವರಿಗೆ ಆಯ್ಕೆ ತೀರಾ ಕಡಿಮೆ. ಸ್ವಂತ ಚಿಪ್ ವಿನ್ಯಾಸಕ್ಕೆ ಮನಸ್ಸಿರುವ ಸ್ಟಾರ್ಟಪ್ಪಿನವರಿಗೆ ಮಾತ್ರ ಒಳ್ಳೆಯ ದಾರಿಯಿದೆ: 2022ರಲ್ಲಿ ಅರ್ಜಿ ಕರೆದ ಡಿಎಲ್‌ಐ ಎಂಬ ಕೇಂದ್ರದ ಪ್ರೋತ್ಸಾಹ ಯೋಜನೆಯಲ್ಲಿ ಅರ್ಹ ವೆಚ್ಚದ ಅರ್ಧ, 15 ಕೋಟಿಯವರೆಗೆ ವಾಪಸ್ ಸಿಗುವ ಅವಕಾಶವಿತ್ತು, ದುಬಾರಿ ವಿನ್ಯಾಸ ತಂತ್ರಾಂಶಗಳು ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದ ಮೂಲಕ ಸಿಗುತ್ತವೆ.

ನಿಮ್ಮ ಗಿರಾಕಿ ಯಾರು

ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ.

ಅಂಗಡಿಯಲ್ಲಿ ಮಾರುವ ಸರಕಾದರೆ, ಪ್ರಿವೆಂಟರ್, ಟೈಮರ್, ಎಲ್‌ಇಡಿ ಡ್ರೈವರ್ ಇತ್ಯಾದಿ, ಚೀನಾದ ಮೈಕ್ರೋಕಂಟ್ರೋಲರನ್ನು ಧೈರ್ಯವಾಗಿ ಹಾಕಿ. ಆರು ತಿಂಗಳಿಗಾಗುವಷ್ಟು ದಾಸ್ತಾನು ಮನೆಯಲ್ಲಿಡಿ. ಚಿಪ್ ಅಗ್ಗವಾದ್ದರಿಂದ ದಾಸ್ತಾನಿನ ಹೊರೆಯೂ ಕಡಿಮೆ.

ಸರ್ಕಾರಿ ಟೆಂಡರ್‌ಗಾದರೆ ಮೊದಲು ಷರತ್ತು ಓದಿ. ಮೇಕ್ ಇನ್ ಇಂಡಿಯಾ ಖರೀದಿ ಆದೇಶದ ಪ್ರಕಾರ ಒಂದನೇ ವರ್ಗದ ಸ್ಥಳೀಯ ಪೂರೈಕೆದಾರ ಎನಿಸಿಕೊಳ್ಳಲು ಸಾಮಾನ್ಯವಾಗಿ ಅರ್ಧದಷ್ಟಾದರೂ ಮೌಲ್ಯ ದೇಶದೊಳಗಿನದಾಗಿರಬೇಕು. ಸಿಸಿಟಿವಿ ಕ್ಯಾಮೆರಾ ಮಾಡುವವರಿಗೆ 2025ರ ಏಪ್ರಿಲ್ 9ರಿಂದ ಭದ್ರತಾ ಪರೀಕ್ಷೆ ಕಡ್ಡಾಯ, ಒಳಗಿನ ಮುಖ್ಯ ಚಿಪ್ ಎಲ್ಲಿಯದು ಎಂಬುದನ್ನೂ ತಿಳಿಸಬೇಕು. ಟೆಲಿಕಾಂ ಜಾಲಕ್ಕೆ ಸೇರುವ ಉಪಕರಣಕ್ಕೆ 2021ರ ಜೂನ್ 15ರಿಂದ "ನಂಬಿಕಸ್ಥ ಮೂಲ"ದ ಒಪ್ಪಿಗೆ ಬೇಕು. ಇಂಥ ಕೆಲಸಗಳಿಗೆ ಹಳೆಯ ಹೆಸರುಗಳು ಅಥವಾ ತೈವಾನ್. ಎರಡು ರೂಪಾಯಿ ಉಳಿಸಲು ಹೋಗಿ ಟೆಂಡರನ್ನೇ ಕಳೆದುಕೊಂಡ ಗೆಳೆಯರು ನನಗಿದ್ದಾರೆ.

ಅಮೆರಿಕಕ್ಕೆ ರಫ್ತು ಮಾಡುವವರು ಇನ್ನೂ ಎಚ್ಚರವಾಗಿರಬೇಕು. 2027ರ ಡಿಸೆಂಬರಿನಿಂದ ಅಲ್ಲಿನ ಕೇಂದ್ರ ಸರ್ಕಾರಿ ಖರೀದಿಯಲ್ಲಿ ಎಸ್‌ಎಂಐಸಿ, ವೈಎಂಟಿಸಿ, ಸಿಎಕ್ಸ್‌ಎಂಟಿ ಎಂಬ ಮೂರು ಚೀನೀ ಕಂಪನಿಗಳ ಚಿಪ್ ಇರುವ ಸರಕಿಗೆ ತಡೆ ಬರುತ್ತದೆ. ಎಸ್‌ಎಂಐಸಿ ಬೇರೆಯವರಿಗೆ ಚಿಪ್ ಮಾಡಿಕೊಡುವ ಫ್ಯಾಬ್, ಅದರ ಹೆಸರು ಚಿಪ್ ಮೇಲೆ ಇರುವುದೇ ಇಲ್ಲ. ಹಾಗಾಗಿ "ಈ ಭಾಗದ ಸಿಲಿಕಾನ್ ಯಾವ ಫ್ಯಾಬ್‌ನದು" ಎಂದು ಡಿಸ್ಟ್ರಿಬ್ಯೂಟರಿಂದ ಬರಹದಲ್ಲಿ ಉತ್ತರ ತೆಗೆದುಕೊಂಡು ಫೈಲಿಗೆ ಹಾಕಿ. ಮೂರು ವರ್ಷ ಆದ ಮೇಲೆ ಕೇಳಿದರೆ ಯಾರೂ ಹೇಳುವುದಿಲ್ಲ.

ಮಾಡ್ಯೂಲ್, ಮೆಮೊರಿ

ಮೈಕ್ರೋಕಂಟ್ರೋಲರ್ ಬದಲಿಸುವುದಕ್ಕಿಂತ 4ಜಿ ಮಾಡ್ಯೂಲ್ ಬದಲಿಸುವುದು ಇನ್ನೂ ಕಷ್ಟ. ಇಲ್ಲಿ ಚೀನಾದ ಕ್ವೆಕ್‌ಟೆಲ್, ಸಿಮ್‌ಕಾಮ್‌ಗಳದ್ದೇ ಕಾರುಬಾರು. 2025ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕ್ವೆಕ್‌ಟೆಲ್ ಹೆಸರನ್ನು ಚೀನಾ ಸೇನೆಯೊಂದಿಗೆ ನಂಟಿರುವ ಕಂಪನಿಗಳ ಪಟ್ಟಿಗೆ ಸೇರಿಸಿತು. ಕಂಪನಿ ಅದನ್ನು ಅಲ್ಲಗಳೆದಿದೆ. ರೈತರ ಸ್ಟಾರ್ಟರಿಗೆ ಇದರಿಂದ ಇವತ್ತು ತೊಂದರೆಯಿಲ್ಲ, ಹೊರದೇಶಕ್ಕೆ ಹೋಗುವ ಸರಕಿಗೆ ಇದೆ. ಮಾಡ್ಯೂಲನ್ನು ಮುಖ್ಯ ಬೋರ್ಡ್‌ಗೇ ಬೆಸುಗೆ ಹಾಕದೆ ಕನೆಕ್ಟರಿರುವ ಮರಿಬೋರ್ಡ್ ಮೇಲೆ ಕೂರಿಸುವುದು ನನ್ನ ರೂಢಿ. ಇಪ್ಪತ್ತು ರೂಪಾಯಿ ಹೆಚ್ಚಾಗುತ್ತದೆ, ಕಂಪನಿ ಬದಲಿಸಬೇಕಾದಾಗ ಇಡೀ ಬೋರ್ಡ್ ಬದಲಿಸುವುದು ತಪ್ಪುತ್ತದೆ.

ಪರದೆಯಿರುವ, ಲಿನಕ್ಸ್ ಓಡಿಸುವ ಸರಕು ಮಾಡುವವರು ಡಿರ‍್ಯಾಮ್ ಎಂಬ ಮೆಮೊರಿ ಚಿಪ್‌ನ ಬೆಲೆ ನೋಡಿಕೊಳ್ಳಿ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೇ ದೊಡ್ಡವರು, ಮೂವರೂ ಎಐ ಸರ್ವರುಗಳ ಮೆಮೊರಿಯತ್ತ ವಾಲಿದ್ದಾರೆ. 2025ರ ಕೊನೆಗೆ ಬೆಲೆ ಏರಿದ ರೀತಿಗೆ ಎಷ್ಟೋ ಜನ ಕೊಟ್ಟ ಕೊಟೇಶನ್ ವಾಪಸ್ ತೆಗೆದುಕೊಂಡರು. ಇಲ್ಲಿ ಹೋಲಿಸಿ ಆರಿಸಲು ಹೆಚ್ಚೇನೂ ಉಳಿದಿಲ್ಲ, ಕಡಿಮೆ ಮೆಮೊರಿಯಲ್ಲಿ ಕೆಲಸ ಮುಗಿಯುವಂತೆ ಕೋಡ್ ಬರೆಯುವುದೇ ದಾರಿ.

ಬ್ರೋಕರ್ ಕೈಯಿಂದ ಕೊಳ್ಳುವುದು

ಮೇಲಿನ ನಾಲ್ಕೂ ಆಯ್ಕೆಗಿಂತ ಕೆಟ್ಟದ್ದು ಇದು. ಕೊರತೆ ಬಂದಾಗ ಎಲ್ಲರೂ ಜಾರುವುದೂ ಇಲ್ಲಿಗೇ. 2021ರಲ್ಲಿ ನೂರೈವತ್ತು ರೂಪಾಯಿಯ ಚಿಪ್‌ಗೆ ಸಾವಿರದ ನಾನೂರು ಕೊಟ್ಟು ಒಬ್ಬ ಮಧ್ಯವರ್ತಿಯಿಂದ ಮುನ್ನೂರು ತೆಗೆದುಕೊಂಡೆ. ಚಿಪ್ ಸುತ್ತಿದ್ದ ರೀಲ್ ಹೊಸದಾಗಿತ್ತು, ಮೇಲಿನ ಚೀಟಿಯೂ ಸರಿಯಿತ್ತು. ಮೊದಲ ಹತ್ತರಲ್ಲಿ ಆರು, ಪ್ರೋಗ್ರಾಮ್ ತುಂಬುವ ಸಾಧನಕ್ಕೇ ಉತ್ತರ ಕೊಡಲಿಲ್ಲ. ಹತ್ತಿಗೆ ಅಸಿಟೋನ್ ಅದ್ದಿ ಚಿಪ್‌ನ ಬೆನ್ನು ಉಜ್ಜಿದೆ. ಬಿಳಿ ಅಕ್ಷರಗಳು ಹತ್ತಿಗೆ ಅಂಟಿಕೊಂಡು ಬಂದವು, ಕಪ್ಪು ಬಣ್ಣವೂ ಬಂತು, ಕೆಳಗೆ ಗೀಚಿ ಅಳಿಸಿದ ಹಳೆಯ ಗುರುತು ಕಾಣಿಸಿತು. ಒಂದನೇ ಕಾಲಿನ ಪಕ್ಕ ಇರಬೇಕಾದ ಪುಟ್ಟ ಗುಳಿ ಬಣ್ಣದಿಂದ ತುಂಬಿಹೋಗಿತ್ತು. ಹಳೆಯ ಬೋರ್ಡ್‌ಗಳಿಂದ ಕಿತ್ತ ಬೇರೆ ಯಾವುದೋ ಚಿಪ್‌ಗೆ ಹೊಸ ಹೆಸರು ಬರೆದಿದ್ದರು. ಆ ವ್ಯಕ್ತಿಯ ಫೋನ್ ಮತ್ತೆ ಹತ್ತಲಿಲ್ಲ. ಆ ತಿಂಗಳು ನಮ್ಮ ಆರು ಜನರ ಸಂಬಳ ಎರಡು ವಾರ ತಡವಾಯಿತು, ಒಬ್ಬೊಬ್ಬರ ಮುಖ ನೋಡಿ ಅದನ್ನು ಹೇಳಬೇಕಾಗಿ ಬಂದದ್ದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಬೇರೆ ದಾರಿಯೇ ಇಲ್ಲದೆ ಹಾಗೆ ಕೊಳ್ಳಲೇಬೇಕಾದರೆ ಮೊದಲು ಐದು ತರಿಸಿ, ಉಜ್ಜಿ ನೋಡಿ, ಪ್ರೋಗ್ರಾಮ್ ಹಾಕಿ ನೋಡಿ, ಡೇಟ್ ಕೋಡ್ (ಚಿಪ್ ಯಾವಾಗ ತಯಾರಾಯಿತು ಎಂಬ ಗುರುತು) ರೀಲಿನ ಚೀಟಿಗೆ ಹೊಂದುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.

ಮೇಜಿನ ಮೇಲಿನ ಈ ಬೋರ್ಡ್‌ಗೆ ನಾವು ಆರಿಸಿದ್ದು ಹೀಗೆ. ಮೈಕ್ರೋಕಂಟ್ರೋಲರಿಗೆ ಎರಡು ಜಾಗ ಬಿಟ್ಟಿದ್ದೇವೆ: ಒಂದರಲ್ಲಿ ಎಸ್‌ಟಿ ಅಥವಾ ಜಿಡಿ ಯಾವುದಾದರೂ ಕೂರುತ್ತದೆ, ಪಕ್ಕದಲ್ಲೇ ನುವೋಟನ್‌ಗೆ ಬೇರೆ ಪ್ಯಾಡ್. ಕಾಲ ಅಳೆಯುವ ಕೆಲಸವೆಲ್ಲ ಈಗ ಟೈಮರಿನದು, ಒಂದೂ ಖಾಲಿ ಲೂಪ್ ಇಲ್ಲ. ಮೂರೂ ಚಿಪ್‌ಗಳಲ್ಲಿ ಕರೆಂಟ್ ತೆಗೆದು ಕೊಟ್ಟು ಸಾವಿರ ಸಲ ಮಾಡ್ಯೂಲ್ ಎಬ್ಬಿಸಿ ನೋಡಿದ್ದೇವೆ. ಡಯೋಡು, ಟ್ರಾನ್ಸಿಸ್ಟರುಗಳಿಗೆ ಪಟ್ಟಿಯಲ್ಲಿ ಎರಡೆರಡು ಕಂಪನಿಯ ಹೆಸರು, ಎರಡರ ಪ್ಯಾಕೇಜಿಂಗ್ ಬೇರೆ ಬೇರೆ ದೇಶದ್ದು ಎಂದು ಖಾತ್ರಿ ಮಾಡಿಕೊಂಡೇ ಬರೆದದ್ದು. ಅವುಗಳ ಒಂದು ವರ್ಷದ ದಾಸ್ತಾನು ಬೂಟಿನ ಪೆಟ್ಟಿಗೆಯಷ್ಟು ಜಾಗದಲ್ಲಿ ಕೂರುತ್ತದೆ. ಮೊದಲ ಇನ್ನೂರು ಬೋರ್ಡ್ ಮುಂದಿನ ವಾರ ಚಳ್ಳಕೆರೆಗೆ ಹೋಗುತ್ತವೆ, ಅದೇ ಅಂಗಡಿಗೆ.